ಕಿಟಕಿ ಯಾವ ಕಡೆ ತೆಗೀತದರಿ?

ಕನ್ನಡದಲ್ಲಿ ಹೋಟೆಲ್ ಎಂದರೆ ಇಡ್ಲಿ-ವಡೆ. ಮಲಗುವ ಜಾಗಕ್ಕೆ ಲಾಡ್ಜ್ ಎನ್ನುತ್ತೇವೆ. ‘ಮುಂಬೈದಾಗ ಒಂದು ಚಲೋ ಹೋಟೆಲ್ ಹುಡುಕಾಕತ್ತೀನಿ’ ಎಂದು ನಮ್ಮ ಹುಬ್ಬಳ್ಳಿಯಲ್ಲಿ ಯಾರಿಗಾದರೂ ಹೇಳಿ ನೋಡಿ, ಎಲ್ಲಿ ದೋಸೆ ಚಲೋ, ಎಲ್ಲಿ ಚಾ ಚಲೋ ಎಂದು ಪಟ್ಟಿ ಕೊಡುತ್ತಾರೆ. ಈ ಗೊಂದಲ ನನಗೇನೋ ಇಷ್ಟ. ಎದ್ದು ಚಪ್ಪಲಿ ಮೆಟ್ಟಿ ಹತ್ತು ನಿಮಿಷ ನಡೆದರೆ ಬಿಸಿ ಇಡ್ಲಿ ಸಿಗದ ಲಾಡ್ಜು ಎಷ್ಟು ಸ್ಟಾರಿನದಾದರೂ ನನ್ನ ಲೆಕ್ಕದಲ್ಲಿ ನಪಾಸು.

ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಪದಬಂಧದ್ದು. ನನ್ನದು ರೂಮು ಹುಡುಕುವ ಹುಚ್ಚು. ಡಿಸೆಂಬರಿನಲ್ಲಿ ಮೂರು ದಿನ ಮುಂಬೈಗೆ ಹೋಗುವುದಿದ್ದರೆ ದಸರೆಯಿಂದಲೇ ಶುರು. ರಾತ್ರಿ ಊಟ ಮುಗಿಸಿ, ಮೊಬೈಲಿನಲ್ಲಿ ನಕ್ಷೆ ಹರವಿಕೊಂಡು ಕುಳಿತರೆ ಹನ್ನೊಂದು ಹೊಡೆದದ್ದೂ ತಿಳಿಯುವುದಿಲ್ಲ. ಹೆಂಡತಿ ದೀಪ ಆರಿಸಲು ಬಂದವಳು ಕೇಳುತ್ತಾಳೆ: “ಮುಂಬೈ ನೋಡಾಕ ಹೊಂಟೀವೋ, ರೂಮ್ ನೋಡಾಕ ಹೊಂಟೀವೋ? ಅದನ್ನರ ಹೇಳ್ರಿ.”

ಎರಡಕ್ಕೂ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ನಮ್ಮ ಕಡೆಯವರಿಗೆ ದೊಡ್ಡ ಊರೆಂದರೆ ಮುಂಬೈಯೇ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಗಡಿ ಬದಲಾದರೂ ಹೋಗಿಬರುವ ರೂಢಿ ಬದಲಾಗಲಿಲ್ಲ. ಅರಳೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ವರ್ಷಕ್ಕೆ ಎರಡು ಸಲ ಹೋಲ್ಡಾಲ್ ಸುತ್ತಿಕೊಂಡು ಮುಂಬೈಗೆ ಹೊರಡುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಲಾಡ್ಜಿನ ಹುಡುಗ ಬೀಗ ತೆಗೆದದ್ದೇ ತಡ, ಅಪ್ಪ ಹಾಸಿಗೆಯ ಕಡೆ ಕಣ್ಣೆತ್ತಿಯೂ ನೋಡದೆ ಬಚ್ಚಲಿಗೆ ನಡೆದು ನಳ ತಿರುವಿದರು. ಅದು ಮೊದಲು ಕೆಮ್ಮಿತು, ಆಮೇಲೆ ಕಂದು ನೀರು ಉಗುಳಿತು, ಕೊನೆಗೆ ತಿಳಿಯಾಯಿತು. ತಿಳಿಯಾಗುವವರೆಗೂ ನಿಂತೇ ಇದ್ದು, ಆಮೇಲೆ ಹುಡುಗನಿಗೆ “ಸಾಮಾನು ಇಡಪಾ” ಎಂದರು. ಹಾಸಿಗೆ ಕೊಳೆಯಾಗಿದ್ದರೆ ಚಾದರ ಹಾಸಿಕೊಳ್ಳಬಹುದು, ನೀರಿಲ್ಲದಿದ್ದರೆ ಏನು ಹಾಸಿಕೊಳ್ಳೋದು ಎಂಬುದು ಅವರ ವಾದ. ಈ ವಿದ್ಯೆಯ ಮೊದಲ ಪಾಠ ನನಗೆ ಆದದ್ದು ಆ ನಳದ ಮುಂದೆ.

ಎರಡನೆಯ ಪಾಠಕ್ಕೆ ದುಡ್ಡು ತೆತ್ತೆ. ಮದುವೆಯಾದ ಹೊಸದರಲ್ಲಿ, ಕಡಿಮೆ ಬಾಡಿಗೆಯ ಆಸೆಗೆ ದೂರದ ಉಪನಗರವೊಂದರಲ್ಲಿ ರೂಮು ಹಿಡಿದಿದ್ದೆ. ‘ಸಮುದ್ರಕ್ಕೆ ಹತ್ತಿರ’ ಎಂದು ಬರೆದಿದ್ದರು. ಕಾಗೆಗೆ ಹತ್ತಿರವೇ ಇತ್ತು. ನಮಗೆ ನಡುವೆ ಒಂದು ಖಾರಿ, ಒಂದು ಹೆದ್ದಾರಿ. ಫೋಟೋದಲ್ಲಿ ಉದ್ದನೆಯ ಪರದೆ ಇತ್ತು. ಪರದೆ ಸರಿಸಿದರೆ ಒಂದು ಮೊಳ ಆಚೆಗೆ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೆ ಒದ್ದೆ ಪೈಪು. ದಿನಕ್ಕೆ ಮೂರು ತಾಸು ಲೋಕಲ್ಲಿನಲ್ಲೇ ಕಳೆದವು. ಮೂರನೆಯ ದಿನ ಮಧ್ಯಾಹ್ನ ಕಾಲು ಸೋತ ಹೆಂಡತಿ, “ಒಂದು ಗಳಿಗೆ ರೂಮಿಗೆ ಹೋಗಿ ಅಡ್ಡಾಗಿ ಬರೋಣೇನ್ರಿ?” ಎಂದಳು. ಹೋಗಿ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಬಾಡಿಗೆಯಲ್ಲಿ ಉಳಿದದ್ದು ಟ್ಯಾಕ್ಸಿಗೆ ಹೋಯಿತು, ಮೂಡು ಹೋದದ್ದು ಬೇರೆ. ಮಧ್ಯಾಹ್ನ ಮರಳಿ ಬಂದು ಬೆನ್ನು ನೀಡಲಾಗದ ರೂಮು ರೂಮಲ್ಲ, ಸಾಮಾನಿಡುವ ಗೋದಾಮು.

ಅಂದಿನಿಂದ ನಾನು ರೂಮು ಹುಡುಕುವುದಿಲ್ಲ, ಬೀದಿ ಹುಡುಕುತ್ತೇನೆ. ಮುಂಬೈ ಉದ್ದಕ್ಕೆ ಬೆಳೆದ ಊರು. ಸೂಜಿಗೆ ಪೋಣಿಸಿದ ದಾರಗಳ ಹಾಗೆ ರೈಲು ಹಳಿಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ: ಪಶ್ಚಿಮ ರೈಲ್ವೆಯದು ಚರ್ಚ್‌ಗೇಟಿಗೆ, ಮಧ್ಯ ರೈಲ್ವೆಯದು ನಮ್ಮಪ್ಪನ ಬಾಯಲ್ಲಿ ಕೊನೆಯವರೆಗೂ ‘ವೀಟಿ’ಯಾಗಿಯೇ ಉಳಿದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ. ಈ ಎರಡೂ ದಾರ ಕೂಡುವುದು ದಾದರಿನಲ್ಲಿ. ಹುಬ್ಬಳ್ಳಿಯ ಮೇಲೆ ಹಾಯುವ ಚಾಲುಕ್ಯ, ಶರಾವತಿ ಎರಡೂ ರೈಲು ಕೊನೆಗೆ ಬಂದು ನಿಲ್ಲುವುದೂ ಅಲ್ಲೇ. ಇನ್ನೊಂದು ಸೂಕ್ಷ್ಮವೂ ಇದೆ: ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೊ ಬರುವಂತಿಲ್ಲ, ಅಲ್ಲಿಂದ ಕೆಳಗೆ ಟ್ಯಾಕ್ಸಿಯದೇ ರಾಜ್ಯ. ರೂಮು ಎಲ್ಲಿ ಹಿಡಿದಿರಿ ಎಂಬುದರ ಮೇಲೆ ಜೇಬಿನ ಲೆಕ್ಕ ನಿಂತಿರುತ್ತದೆ.

ಕೊಲಾಬಾ ಚೆಂದ, ಸಂಜೆ ಸಮುದ್ರದ ಗಾಳಿ ಪುಕ್ಕಟೆ, ಉಳಿದದ್ದಕ್ಕೆಲ್ಲ ಬಿಲ್ಲು. ಅಲ್ಲಿ ತಾಜ್‌ನ ಎದುರು ನಿಂತಾಗಲೆಲ್ಲ ನನಗೆ ಒಂದು ಮಾತು ನೆನಪಾಗುತ್ತದೆ. ಜಮ್‌ಸೇಟ್‌ಜಿ ಟಾಟಾ ಅದರ ಬಾಗಿಲು ತೆರೆದದ್ದು 1903ರಲ್ಲಿ. ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ. ಗೇಟ್‌ವೇ ಎದುರಿಗಿದೆ ಎಂದು ಹೋಟೆಲ್ ಕಟ್ಟಿದ್ದಲ್ಲ. ಹೋಟೆಲ್ ಮೊದಲು ಜಾಗ ಹಿಡಿಯಿತು, ಇಪ್ಪತ್ತೊಂದು ವರ್ಷದ ಮೇಲೆ ನೋಟ ತಾನಾಗಿ ಎದುರು ಬಂದು ನಿಂತಿತು. ಅಲ್ಲಿಂದ ಹದಿನೈದು ನಿಮಿಷ ನಡೆದರೆ ಕಾಲಾ ಘೋಡಾದಲ್ಲಿ ಹಳೆಯ ವಾಟ್ಸನ್ಸ್ ಹೋಟೆಲಿನ ಕಬ್ಬಿಣದ ಕಟ್ಟಡ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಅದರೊಳಗೆ. ಹೋಟೆಲು ಮುಚ್ಚಿ ಎಷ್ಟೋ ಕಾಲವಾಯಿತು, ಜಾಗ ಮಾತ್ರ ಈಗಲೂ ಊರಿನ ಉತ್ತಮ ಜಾಗ. ಹಾಸಿಗೆ ಹಳೆಯದಾಗುತ್ತದೆ, ಜಾಗ ಆಗುವುದಿಲ್ಲ.

ನಮಗೆ ಕೊನೆಗೆ ಒಗ್ಗಿದ್ದು ಮಾಟುಂಗ. ದಾದರಿನಿಂದ ಒಂದೇ ಸ್ಟೇಶನ್. ಸ್ಲೋ ಲೋಕಲ್ ಹತ್ತಬೇಕು, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. 2017ರಿಂದ ಆ ನಿಲ್ದಾಣವನ್ನು ನಡೆಸುವವರೆಲ್ಲ ಹೆಂಗಸರೇ ಎಂಬುದು ನನ್ನ ಹೆಂಡತಿಗೆ ಹೆಮ್ಮೆಯ ವಿಷಯ. ಹೊರಗೆ ಬಂದರೆ ಬಾಳೆಎಲೆ ಕಟ್ಟು, ಮೊಳ ಹಾಕುವ ಮಲ್ಲಿಗೆ, ಫಿಲ್ಟರ್ ಕಾಫಿಯ ವಾಸನೆ. 1942ರಿಂದ ನಡೆದು ಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಎಲೆ ಮೇಲೆ ಊಟ. ಮಳೆಗಾಲದಲ್ಲಿ ಮಾತ್ರ ಈ ಕಡೆ ಬರಬಾರದು. ಕಿಂಗ್ಸ್ ಸರ್ಕಲ್, ಹಿಂದ್‌ಮಾತಾ ಎಂಬ ಹೆಸರುಗಳನ್ನು ಜುಲೈಯ ಟೀವಿ ಸುದ್ದಿಯಲ್ಲಿ ಮೊಳಕಾಲುಮಟ್ಟದ ನೀರಿನ ಜೊತೆಗೇ ಕೇಳಿರುತ್ತೀರಿ.

ಬೀದಿ ಗೊತ್ತಾದ ಮೇಲೆ ರೂಮಿನ ಸರದಿ. ಫೋಟೋ ನಂಬುವುದಿಲ್ಲ, ಮೂಲೆಗೆ ನಿಂತು ಅಗಲದ ಲೆನ್ಸಿನಲ್ಲಿ ತೆಗೆದರೆ ಕೋಳಿಗೂಡೂ ಕಲ್ಯಾಣ ಮಂಟಪವಾಗುತ್ತದೆ. ನಾನು ನೋಡುವುದು ಬೇರೆ: ಮಂಚದ ಎರಡೂ ಬದಿಗೆ ಇಳಿಯಲು ಜಾಗವಿದೆಯೇ, ತಲೆದಿಂಬಿನ ಹತ್ತಿರ ಪ್ಲಗ್ ಇದೆಯೇ, ಬಚ್ಚಲಲ್ಲಿ ಬಕೀಟು ಇದೆಯೇ. ಬಂದವರು ಬರೆದ ಅಭಿಪ್ರಾಯಗಳಲ್ಲಿ ಹೊಗಳಿಕೆಯನ್ನು ಹಾರಿಸಿ ಬೈಗಳನ್ನಷ್ಟೇ ಓದುತ್ತೇನೆ. ‘ಟೀವಿ ಸಣ್ಣದು’ ಎಂದು ಬೈದಿದ್ದರೆ ಸಂತೋಷ, ಬೈಯಲು ಬೇರೇನೂ ಸಿಕ್ಕಿಲ್ಲ ಎಂದರ್ಥ. ‘ಲಿಫ್ಟ್ ಸಪ್ಪಳ’ ಎಂದು ಇಬ್ಬರು ಬರೆದಿದ್ದರೆ ಪುಟ ಮುಚ್ಚಿದೆ. ನಸುಕಿನಲ್ಲಿ ಇಳಿಯುವವರು ಚೆಕ್-ಇನ್ ಮಧ್ಯಾಹ್ನವೋ, ಇಪ್ಪತ್ನಾಲ್ಕು ತಾಸಿನ ಲೆಕ್ಕವೋ ಕೇಳಿಕೊಳ್ಳಬೇಕು. ಬಾಡಿಗೆ ಟ್ಯಾಕ್ಸ್ ಸೇರಿಸಿಯೋ ಬಿಟ್ಟೋ ಎಂಬುದನ್ನೂ.

ಇಷ್ಟಾದ ಮೇಲೆ ಕೊನೆಯ ಪರೀಕ್ಷೆ, ಫೋನು. ಮಾಟುಂಗದ ಲಾಡ್ಜಿಗೆ ಮೊದಲ ಸಲ ಮಾಡಿದಾಗ ಎತ್ತಿದವರು ಕರಾವಳಿಯವರು.

“ಕಿಟಕಿ ಯಾವ ಕಡೆ ತೆಗೀತದರಿ?” ಎಂದೆ.

“ಎಂತ, ಕಿಟಕಿಯಾ? ಎಸಿ ಉಂಟಲ್ಲ ಮಾರಾಯ್ರೆ!”

“ಇರ್ಲಿರಿ. ಆದ್ರೂ ಕಿಟಕಿ?”

ಆ ಕಡೆ ಸ್ವಲ್ಪ ಹೊತ್ತು ಮೌನ. ಎದ್ದು ಹೋಗಿ ನೋಡಿ ಬಂದರೆಂದು ಕಾಣುತ್ತದೆ. “ರೋಡಿನ ಕಡೆ ಎರಡು ಉಂಟು, ಹಿಂದೆ ಒಂದು ಉಂಟು. ಹಿಂದಿನದಕ್ಕೆ ಬಾದಾಮಿ ಮರ ಅಡ್ಡ. ಬೆಳಿಗ್ಗೆ ಕಾಗೆ ಕೂಗ್ತದೆ, ಆಗಬಹುದಾ?”

“ಕಾಗೆ ಅಡ್ಡಿಯಿಲ್ರಿ, ಹಾರ್ನ್ ಬ್ಯಾಡ.”

ಆ ರೂಮು ಏನೂ ದೊಡ್ಡದಲ್ಲ. ಮಂಚ, ಕಪಾಟು, ಕಾಲು ಅಲುಗುವ ಒಂದು ಮೇಜು. ಹೋದವನೇ ನಳ ತಿರುವಿದೆ, ಮೊದಲ ಹನಿಯಿಂದಲೇ ತಿಳಿನೀರು. ಬೆಳಿಗ್ಗೆ ಹೇಳಿದ ಹಾಗೆ ಕಾಗೆ ಕೂಗಿತು. ತಿಂಡಿಗೆ ನಾಲ್ಕು ನಿಮಿಷದ ನಡಿಗೆ, ಲೋಕಲ್ಲಿಗೆ ಆರು. ಮಧ್ಯಾಹ್ನ ಬಂದು ಒಂದು ತಾಸು ಮಲಗಿ, ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತಾಗ ಹೆಂಡತಿ ರೂಮಿನ ಮಾತನ್ನೇ ಎತ್ತಲಿಲ್ಲ. ನಾನು ಕಾದು ಕೇಳಿದೆ: “ರೂಮ್ ಹೆಂಗ ಐತಿ?”

“ರೂಮಿಗೇನಾಗೇದ? ಐತಲ್ಲ,” ಎಂದಳು.

ನನ್ನ ಎರಡು ತಿಂಗಳ ತಪಸ್ಸಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿಲ್ಲ. ಚಲೋ ರೂಮು ನೆನಪಿನಲ್ಲಿ ಉಳಿಯುವುದಿಲ್ಲ, ಊರನ್ನು ನೆನಪಿನಲ್ಲಿ ಉಳಿಸುತ್ತದೆ. ನೀವೂ ಮುಂದಿನ ಸಲ ದುಡ್ಡು ಕಟ್ಟುವ ಮೊದಲು ಒಂದು ಫೋನ್ ಮಾಡಿ, ಕಿಟಕಿ ಯಾವ ಕಡೆ ತೆರೆಯುತ್ತದೆ ಎಂದು ಕೇಳಿ. ಎದ್ದು ಹೋಗಿ ನೋಡಿ ಬಂದು ಹೇಳುವವರಿದ್ದರೆ ಕಣ್ಣು ಮುಚ್ಚಿ ಬುಕ್ ಮಾಡಿ. ‘ಎಸಿ ಇದೆ ಸರ್’ ಎಂದು ಫೋನ್ ಇಟ್ಟರೆ, ನೀವೂ ಇಟ್ಟುಬಿಡಿ.