ಬಂಡಿಯ ಹಾದಿ

ಕಳೆದ ನವೆಂಬರ್ ತಿಂಗಳಲ್ಲಿ ಒಂದು ವಿಚಾರಗೋಷ್ಠಿಯ ನೆಪದಿಂದ ಬೆಂಗಳೂರಿಗೆ ಹೋಗಿದ್ದೆ. ಗೋಷ್ಠಿ ಮುಗಿದ ಮರುದಿನ ಬಾಲ್ಯದ ಗೆಳೆಯನೊಬ್ಬ ಬಂದು, ನಗರದ ಹೊರಗಿರುವ ತನ್ನ ಮನೆಗೆ ಕರೆದೊಯ್ದ. ಎತ್ತರದ ಆವರಣಗೋಡೆಯೊಳಗೆ ಹೊಸದಾಗಿ ಎದ್ದ ಬಡಾವಣೆ ಅದು. ಮನೆಗಳ ನಡುವೆ ಕಣ್ಣು ಹಾಯುವಷ್ಟು ದೂರ ಹಸುರು ಹುಲ್ಲು. "ಇಷ್ಟೊಂದು ಹುಲ್ಲು ಬೆಳೆಸಿದ್ದೀರಿ, ದನಗಳೆಲ್ಲಿ?" ಎಂದು ಕೇಳಿದೆ. ಗೆಳೆಯ ಹೊಟ್ಟೆ ಹಿಡಿದು ನಕ್ಕ. ಅದು ಗಾಲ್ಫ್ ಆಟದ ಮೈದಾನವಂತೆ, ಬಡಾವಣೆಯವರೆಲ್ಲರಿಗೂ ಸೇರಿದ್ದಂತೆ.

ಮೈದಾನದ ಅಂಚಿನಲ್ಲಿ ಪುಟ್ಟ ನಾಲ್ಕು ಗಾಲಿಗಳ, ಮೇಲೆ ಚಪ್ಪರವಿದ್ದ ಬಂಡಿಯೊಂದು ನಿಂತಿತ್ತು. ಹಂಪಿಯಲ್ಲಿ ವಿಜಯವಿಠ್ಠಲನ ಗುಡಿಯವರೆಗೆ ಯಾತ್ರಿಕರನ್ನು ಒಯ್ಯುವ ಬ್ಯಾಟರಿ ಬಂಡಿಗಳನ್ನು ವಾಚಕರು ನೋಡಿರಬಹುದು. ಇದು ಅದರ ತಮ್ಮ. ಇಬ್ಬರು ಆಟಗಾರರು, ಎರಡು ಚೀಲ ದಾಂಡುಗಳು, ಇಷ್ಟೇ ಅದರ ಹೇರು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗೆಳೆಯ ಅದನ್ನು ನಡೆಸಿದ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ನಿಯಮಗಳು ಮಾತ್ರ ಒಂದೆರಡಲ್ಲ.

ಎದುರಿಗೆ ಯಾರಾದರೂ ಚೆಂಡಿಗೆ ಹೊಡೆಯಲು ಅಣಿಯಾಗಿದ್ದರೆ ಬಂಡಿ ನಿಲ್ಲಬೇಕು. ಬಿರಿಯ ಸದ್ದು ಕೂಡ ಅವರ ಕಿವಿಗೆ ಬೀಳಕೂಡದು. ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ 'ಗ್ರೀನ್' ಎನ್ನುತ್ತಾರೆ. ಅದನ್ನು ಮೂರು ನಾಲ್ಕು ಮಿಲಿಮೀಟರು ಎತ್ತರಕ್ಕೆ ಕತ್ತರಿಸಿರುತ್ತಾರೆ. ಅದರ ಹತ್ತು ಮೀಟರು ಸಮೀಪಕ್ಕೂ ಗಾಲಿ ಸುಳಿಯಬಾರದು. ಕಟ್ಟಿದ ಹಾದಿಯ ಮೇಲೆಯೇ ಸಾಗಿ, ಚೆಂಡು ಬಿದ್ದ ನೇರಕ್ಕೆ ಬಂದಾಗ ಮಾತ್ರ ಅಡ್ಡ ತಿರುಗಿ ಹುಲ್ಲಿಗಿಳಿಯಬೇಕು. ಬಂದ ಜಾಡಿನಲ್ಲಿಯೇ ಹಿಂತಿರುಗಬೇಕು. ಇಳಿಜಾರಿನಲ್ಲಿ ಥಟ್ಟನೆ ಹೊರಳಿಸಬಾರದು. ಮಳೆ ಬಿದ್ದ ದಿನವಂತೂ ಹಾದಿಯನ್ನು ಬಿಟ್ಟು ಒಂದು ಗೇಣೂ ಆಚೀಚೆ ಹೋಗುವಂತಿಲ್ಲ. ಒದ್ದೆ ನೆಲವನ್ನು ಗಾಲಿ ತುಳಿದರೆ ಮಣ್ಣು ಬಿಗಿದು ಬೇರಿಗೆ ಗಾಳಿ ಸಿಗದಂತಾಗುತ್ತದೆ. ಕಾಲಿಲ್ಲದವರು, ನಡೆಯಲಾರದವರು ಆಟಕ್ಕೆ ಬಂದರೆ ಅವರ ಬಂಡಿಗೊಂದು ಬಾವುಟ ಕಟ್ಟುತ್ತಾರೆ. ಆ ಬಾವುಟ ಕಂಡರೆ ಉಳಿದವರಿಗಿಲ್ಲದ ಸಲಿಗೆ ಅವರಿಗುಂಟು. ಗ್ರೀನಿನ ಇನ್ನಷ್ಟು ಹತ್ತಿರಕ್ಕೆ ಹೋಗಬಹುದು.

ಈ ಆಟ ನಮ್ಮ ದೇಶಕ್ಕೆ ಹೊಸದೇನಲ್ಲ. ಕಲ್ಕತ್ತೆಯ ಕ್ಲಬ್ಬು 1829ರದು, ಬೆಂಗಳೂರಿನದು 1876ರದು. ಬಹುಕಾಲ ಈ ಆಟದ ನಿಯಮಪುಸ್ತಕದ ಮೊದಲ ಭಾಗವೇ ಮರ್ಯಾದೆಯ ಕುರಿತಾಗಿತ್ತು. 2019ರಲ್ಲಿ ಪುಸ್ತಕವನ್ನು ಹೊಸದಾಗಿ ಬರೆದಾಗ ಪ್ರಾಮಾಣಿಕತೆ, ಪರರ ಬಗೆಗಿನ ಲಕ್ಷ್ಯ, ಮೈದಾನದ ಜೋಪಾನ ಈ ಮೂರನ್ನೂ ಮೊದಲನೆಯ ನಿಯಮದೊಳಗೇ ಸೇರಿಸಿದರು. ಇದನ್ನೆಲ್ಲ ಗೆಳೆಯ ಹೆಮ್ಮೆಯಿಂದ ಹೇಳುತ್ತಿದ್ದರೆ ನನಗೆ ಒಳಗೊಳಗೇ ನಗು. ಇಂಡಿ ತಾಲೂಕಿನ ಎರೆಹೊಲದಲ್ಲಿ ನಮ್ಮಪ್ಪ ಚಕ್ಕಡಿ ಹೊಡೆಯಲು ಕಲಿಸಿದಾಗ ಹೇಳಿದ್ದೂ ಇವೇ ಮಾತುಗಳು! "ಬದುವಿನ ಗುಂಟ ಹೋಗು, ರಾಶಿ ಸರೀಕ ಬಂದ ಮ್ಯಾಲ ಒಳಗ ಹೊಳ್ಳು, ಹೋದ ಗಾಲಿ ಜಾಡಿನಾಗ ತಿರುಗಿ ಬಾ. ಮಳಿ ಆಗಿದ್ದರ ಹೊಲಕ್ಕ ಕಾಲಿಡಬ್ಯಾಡ."

ನಗು ಬಹಳ ಹೊತ್ತು ಉಳಿಯಲಿಲ್ಲ. ಆ ಹೊಲಕ್ಕೆ ಹೋಗುವ ಹಾದಿಯೇ ಆಗ ನಮಗೆ ಇಲ್ಲವಾಗಿತ್ತು.

ಸಂಗತಿ ಇಷ್ಟು. ಊರಿನಿಂದ ನಮ್ಮ ಹೊಲಕ್ಕೆ ನೆರೆಯವರೊಬ್ಬರ ಹೊಲದ ಅಂಚಿನಲ್ಲಿ ಒಂದು ಚಕ್ಕಡಿ ದಾರಿ. ಅಜ್ಜನ ಕಾಲದಿಂದ ನಮ್ಮ ಎತ್ತುಗಳು ನಡೆದ ದಾರಿ. ಹಿಂದಿನ ವರ್ಷದ ಹಿಂಗಾರಿಯಲ್ಲಿ ನೆರೆಯವರು ಅದನ್ನು ನೇಗಿಲಿನಿಂದ ಒಡೆದು ಜೋಳ ಬಿತ್ತಿದರು. ಈ ವರ್ಷವೂ ಬಿತ್ತಿದರು. ಕಳೆದ ಸುಗ್ಗಿಯ ತೆನೆಯನ್ನು ನಾವು ತಲೆಯ ಮೇಲೆ ಹೊತ್ತು ತಂದೆವು. ವಿಜಯಪುರದ ವಕೀಲರು 1882ರ ಅನುಭೋಗದ ಹಕ್ಕುಗಳ ಕಾಯಿದೆಯನ್ನು ತೆರೆದು ತೋರಿಸಿದರು: ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರಿಗೆ, ಜಗಳವಿಲ್ಲದೆ, ತಡೆಯಿಲ್ಲದೆ, ಹಕ್ಕೆಂದು ನಡೆದ ದಾರಿಯ ಮೇಲೆ ನಡೆದವನಿಗೆ ಅಧಿಕಾರವುಂಟು, ಆದರೆ ದಾರಿ ತಪ್ಪಿದ ಎರಡು ವರ್ಷಗಳೊಳಗೆ ದಾವೆ ಹೂಡಬೇಕು. "ಹಳೆಯ ಸಾಕ್ಷಿಗಳನ್ನು ಹುಡುಕಿರಿ" ಎಂದರು. ಹೀಗೆ ಡಿಸೆಂಬರಿನ ರಜೆಯಲ್ಲಿ ಸಾಕ್ಷಿಗಳನ್ನು ಅರಸಿ ನಾಲ್ಕು ತಾಲೂಕುಗಳ ಪ್ರವಾಸ ಹೊರಟೆ.

ಮೊದಲು ಸಿಂದಗಿ. ಅಲ್ಲಿಗೆ ಸಮೀಪದ ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಚಳಿಗಾಲದ ಬೆಳಗಿನಲ್ಲಿ ಈ ದಾರಿಯ ಎರಡೂ ಬದಿಗೆ ತೊಗರಿ, ಕಡಲೆ, ಬಿಳಿಜೋಳ. ಭೀಮೆಯ ನೀರು ಮುಟ್ಟಿದಲ್ಲಿ ಕಬ್ಬು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಆನೆಯಂತೆ ತೂಗಾಡುತ್ತ ಬರುತ್ತಿದ್ದವು. ಒಂದು ಕಿರಿದಾದ ಸೇತುವೆಯ ಬಳಿ ನಮ್ಮ ಬಸ್ಸಿನ ಮುಂದೆ ಬರಿಯ ಚಕ್ಕಡಿಯೊಂದು ತಾನಾಗಿ ಬದಿಗೆ ಸರಿದು, ಎದುರಿನ ಹೇರಿನ ಬಂಡಿಗೆ ಹಾದಿ ಬಿಟ್ಟಿತು. ಯಾರೂ ಕೂಗಲಿಲ್ಲ, ಕೈಬೀಸಲಿಲ್ಲ. ಬರಿಗಾಡಿ ತುಂಬಿದ ಗಾಡಿಗೆ ದಾರಿ ಬಿಡಬೇಕೆಂಬುದು ನಮ್ಮ ಕಡೆಯ ಹಿರಿಯರ ಕಟ್ಟಳೆ. ನಿಂತ ಹೇರನ್ನು ಮತ್ತೆ ಎಳೆಯುವ ನೋವು ಎತ್ತಿನ ಹೆಗಲಿಗೇ ಗೊತ್ತು.

ಅಕ್ಕ ಕುದಿಯುವ ಚಹಾದ ಬಟ್ಟಲು ಮುಂದಿಟ್ಟು ಎಲ್ಲವನ್ನೂ ಕೇಳಿದಳು. "ನನಗ ನೆನಪಿಲ್ಲೇನೋ ತಮ್ಮಾ? ಲಗ್ನ ಆಗೂತನಕ ದಿನಾ ಆ ದಾರಿಲೇ ಬುತ್ತಿ ಹೊತ್ತೀನಿ. ಸಾಕ್ಷಿ ಹೇಳಂದ್ರ ಹೇಳ್ತೀನಿ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ಕೋರ್ಟಿನಾಗ ಹೇಳಿದ ಮ್ಯಾಲ ಅವರ ಮನಿ ಅಂಗಳಕ್ಕ ನಾ ಹೆಂಗ ಹೋಗಲಿ? ಆ ಮನ್ಯಾಗಿನ ಕಾಕು ನನ್ನ ಬಾಣಂತನ ಮಾಡ್ಯಾಳ" ಎಂದಳು. ಕಾಯಿದೆಯ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಸಿಂದಗಿಯಿಂದ ದಕ್ಷಿಣಕ್ಕೆ ತಾಳಿಕೋಟಿಯ ಮೇಲೆ ಹಾದು ಮುದ್ದೇಬಿಹಾಳಕ್ಕೆ ಹೋದೆ. ತಾಳಿಕೋಟಿಯ ಹೆಸರು ಕೇಳಿದೊಡನೆ 1565 ಎಂಬ ಅಂಕೆ ವಿದ್ಯಾರ್ಥಿಗಳ ಬಾಯಿಗೆ ಬರುತ್ತದೆ. ಆ ಕದನವನ್ನು ರಕ್ಕಸಗಿ-ತಂಗಡಗಿಯ ಕಾಳಗವೆಂದೂ ಕರೆಯುತ್ತಾರೆ. ತಂಗಡಗಿ ಇದೇ ಮುದ್ದೇಬಿಹಾಳ ತಾಲೂಕಿನ, ಕೃಷ್ಣೆಯ ದಡದ ಊರು. ಅಂದು ಎರಡು ಕಡೆಯ ಸೈನ್ಯಗಳೂ ಹೊಳೆಯ ದಾಟುಹಾದಿಯ ಮೇಲೆ ಕಣ್ಣಿಟ್ಟಿದ್ದವು. ಒಂದು ಸಾಮ್ರಾಜ್ಯದ ಅಳಿವು ಉಳಿವುಗಳು ಕೂಡ ಹೊಳೆಯನ್ನು ಯಾರು ಎಲ್ಲಿ ದಾಟಿದರೆಂಬುದರ ಮೇಲೆ ನಿಂತಿದ್ದವೆಂದರೆ ಹಾದಿಯ ಮಹತ್ವವನ್ನು ಬೇರೆ ಹೇಳಬೇಕೆ?

ನನ್ನ ಸೋದರಮಾವ ಇರುವುದು ಡೋಣಿಯ ದಂಡೆಯಲ್ಲಿ. ಡೋಣಿ ಹರಿದರೆ ಓಣಿಗೆಲ್ಲ ಜೋಳವೆಂಬ ಗಾದೆಯನ್ನು ಕೇಳದವರಿಲ್ಲ. ಬೇಸಗೆಯಲ್ಲಿ ಬಡಕಲಾಗಿ ತೋರುವ ಈ ಹೊಳೆ ಮಳೆಗಾಲದಲ್ಲಿ ಉಕ್ಕಿ, ಎರಡೂ ದಂಡೆಯ ಹೊಲಗಳ ಮೇಲೆ ಕರಿಮಣ್ಣು ಹರವಿಹೋಗುತ್ತದೆ. ಮಾಮಾನ ಹರೆಯದಲ್ಲಿ ಸೇತುವೆಗಳು ಕಡಿಮೆ. ನೀರು ಇಳಿಯುವವರೆಗೆ ದಂಡೆಯಲ್ಲಿ ಹತ್ತಾರು ಚಕ್ಕಡಿಗಳು ಕಾಯುತ್ತಿದ್ದವಂತೆ. "ಮೊದಲ ಬಂದಾವ ಮೊದಲ ಇಳೀತಿದ್ದ. ಆದ್ರ ಬ್ಯಾನಿ ಬಂದ ಹೆಣಮಗಳು ಇದ್ದ ಗಾಡಿ ಬಂತಂದ್ರ, ಅದು ಎಲ್ಲಾರಕಿಂತ ಮುಂದ. ಕೆಸರಿನಾಗ ಸಿಕ್ಕರ, ಹಿಂದಿನಾವ ತನ್ನ ಎತ್ತು ಬಿಚ್ಚಿ ಮುಂದಿನ ಗಾಡಿಗೆ ಹೂಡ್ತಿದ್ದ. ಕೂಲಿ ಕೇಳಿದಾವನ್ನ ನಾ ನೋಡಿಲ್ಲ" ಎಂದರು ಮಾಮಾ. ಗಾಲ್ಫ್ ಮೈದಾನದ ಬಾವುಟ ನನಗೆ ನೆನಪಾಯಿತು. ಇಲ್ಲಿ ಬಾವುಟವಿರಲಿಲ್ಲ, ನರಳುವ ದನಿಯೇ ಬಾವುಟವಾಗಿತ್ತು.

ಸಾಕ್ಷಿಯ ಮಾತೆತ್ತಿದಾಗ ಮಾಮಾ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಪ್ಪ ಏನಂತಾನ?" ಅಪ್ಪನನ್ನು ನಾನು ಕೇಳಿಯೇ ಇರಲಿಲ್ಲ. ಎಪ್ಪತ್ತು ದಾಟಿದ, ಮಂಡಿನೋವಿನ ಮನುಷ್ಯನಿಗೆ ತೊಂದರೆಯೇಕೆಂದು ನಾನೇ ತೀರ್ಮಾನಿಸಿದ್ದೆ.

ಮೂರನೆಯ ದಿನ ಬಸವನ ಬಾಗೇವಾಡಿ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಬಾಲ್ಯ ಕಳೆದ ಊರು. ಗುಡಿಯಲ್ಲಿ ಕೈಮುಗಿದು, ಮಧ್ಯಾಹ್ನದ ಬಸ್ಸಿಗೆ ಕೊಲ್ಹಾರದ ಕಡೆಗೆ ಹೊರಟೆ. ಇಂದು ಬೇರೆ ತಾಲೂಕಾಗಿರುವ ಕೊಲ್ಹಾರ ಮೊದಲು ಬಾಗೇವಾಡಿಗೇ ಸೇರಿತ್ತು. ಗಡಿಗೆಯ ಮೊಸರಿಗೆ ಹೆಸರಾದ ಹಳೆಯ ಕೊಲ್ಹಾರ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ. ಅದರ ನೀರಿನಿಂದ ಎಷ್ಟೋ ಒಣಹೊಲಗಳು ಹಸುರಾದವು. ಎಷ್ಟೋ ಊರುಗಳು ಎದ್ದುಹೋದವು.

ಹಿಂದೆ ನಮ್ಮ ಮನೆಯಲ್ಲಿ ಕಮತಕ್ಕಿದ್ದ ಮುದುಕ ಈಗ ಅಲ್ಲಿಯ ಪುನರ್ವಸತಿ ಕೇಂದ್ರವೊಂದರಲ್ಲಿ ಮಗನ ಬಳಿ ಇದ್ದಾನೆ. ನಮ್ಮ ಹೊಲದ ದಾರಿಯನ್ನು ಅವನಷ್ಟು ಬಲ್ಲವರು ಯಾರೂ ಇಲ್ಲ. ಆತ ನನ್ನ ಕೈ ಹಿಡಿದು ಹಿನ್ನೀರಿನ ಅಂಚಿಗೆ ಕರೆದೊಯ್ದ. ಜಾಲಿಗಿಡಗಳ ನಡುವೆ ಹಳೆಯ ಬಂಡಿದಾರಿಯೊಂದು, ಎರಡು ಗಾಲಿಗಳ ಜಾಡು ಇನ್ನೂ ಮಾಸದೆ, ಇಳಿಯುತ್ತ ಇಳಿಯುತ್ತ ನೀರಿನೊಳಗೆ ಹೋಗಿತ್ತು. ಅವನು ಹುಟ್ಟಿದ ಊರಿನ ದಾರಿ ಅದು. "ನನ್ನ ದಾರಿ ನೀರು ನುಂಗಿತು, ಸಣ್ಣ ಧಣಿ. ಅದರ ಕೂಡ ಮಾತಾಡಾಕ ಬರಂಗಿಲ್ಲ. ನಿಮ್ಮ ದಾರಿ ತಗೊಂಡಾವ ಮನಶ್ಯಾ ಅದಾನ. ಮನಶ್ಯಾನ ಕೂಡ ಮಾತಾಡಾಕ ಬರತೈತಿ" ಎಂದ. ನಾನು ತಂದ ಕಾಗದ ಕಿಸೆಯಲ್ಲಿಯೇ ಉಳಿಯಿತು.

ಇಂಡಿಯ ಕಡೆಗೆ ಮರಳುವಾಗ ಸಾಲೋಟಗಿಯಲ್ಲಿ ಇಳಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಶಾಲೆ ಕಟ್ಟಿಸಿದನೆಂದು 945ರ ಕಂಬಶಾಸನ ತಿಳಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆಂದು 27 ಮನೆಗಳಿದ್ದುವಂತೆ. ಕನ್ನಡ ಪಾಠ ಹೇಳುವವನಿಗೆ ಇದು ತೀರ್ಥಕ್ಷೇತ್ರ. ನಮ್ಮ ನಾಡಿನ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ 'ಹೆಬ್ಬಟ್ಟೆ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಟ್ಟೆಯೆಂದರೆ ದಾರಿ. ಭೂಮಿ ಕೊಡುವವನು ದಾರಿಯನ್ನು ಗುರುತಿಸಿಯೇ ಕೊಡುತ್ತಿದ್ದ. ದಾರಿಯಿಲ್ಲದ ಹೊಲ ಬಾಗಿಲಿಲ್ಲದ ಮನೆಯೆಂದು ಅವರಿಗೂ ಗೊತ್ತಿತ್ತು.

ಮರುದಿನ ಎಳ್ಳಮಾವಾಸ್ಯೆ. ನಮ್ಮ ಕಡೆಗೆ ಇದಕ್ಕಿಂತ ದೊಡ್ಡ ಹೊಲದ ಹಬ್ಬವಿಲ್ಲ. ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ, ಶೇಂಗಾದ ಹಿಂಡಿ ಬುಟ್ಟಿಯಲ್ಲಿ ತುಂಬಿ, ಎತ್ತಿಗೆ ಜೂಲು ಹೊದಿಸಿ, ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುವ ದಿನ. ಈಚೆಗೆ ಟ್ರ್ಯಾಕ್ಟರಿನಲ್ಲಿ ಹೋಗುವವರೇ ಹೆಚ್ಚು. ಅಪ್ಪ ಮಾತ್ರ ಚಕ್ಕಡಿ ಹೂಡಿದ. ನೆರೆಯವರ ಹೊಲದ ಮೊದಲಿಗೆ ಬಂದಾಗ ಎತ್ತುಗಳು ರೂಢಿಯಂತೆ ತಾವಾಗಿಯೇ ಹಳೆಯ ದಾರಿಯ ಕಡೆಗೆ ಹೊರಳಿದವು. ಎದುರಿಗೆ ದಾರಿಯ ಮೇಲೆ ಎದೆಯೆತ್ತರದ ಜೋಳ. ಅಪ್ಪ ಹಗ್ಗ ಜಗ್ಗಿ ನಿಲ್ಲಿಸಿದ.

"ಹೊಡಿ ಅಪ್ಪಾ, ದಾರಿ ನಮ್ಮದೇ ಐತಿ. ವಕೀಲರು ಹೇಳ್ಯಾರ" ಎಂದೆ.

"ದಾರಿ ನಮ್ಮದಿದ್ದೀತು. ಪೈರು ಭೂತಾಯಿದು. ಇವತ್ತು ಆಕಿಗೆ ಉಣಸಾಕ ಹೊಂಟೀವೋ, ಆಕಿನ್ನ ತುಳಿಯಾಕ ಹೊಂಟೀವೋ?" ಎಂದು ಅಪ್ಪ ಇಳಿದು, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ನಡೆಯತೊಡಗಿದ. ನಾನು ಬುಟ್ಟಿ ಕಸಿದುಕೊಳ್ಳಲು ಹೋದರೆ ಕೊಡಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಮಂಡಿ ಹಿಡಿದುಕೊಳ್ಳುತ್ತಿದ್ದ.

ನೆರೆಯವರ ಮನೆಯವರೆಲ್ಲ ಬನ್ನಿಗಿಡದ ಕೆಳಗೆ ಊಟಕ್ಕೆ ಕುಳಿತಿದ್ದರು. ಮೊದಲು ಎದ್ದವಳು ಅಕ್ಕನ ಬಾಣಂತನ ಮಾಡಿದ ಆ ಕಾಕು. ಗಂಡನಿಗೆ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಆತ ಕೈ ತೊಳೆಯದೆ ಎದ್ದು ಬಂದು, ಅಪ್ಪನ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ತಾನು ಹೊತ್ತ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಮ್ಮ ಹೊಲದ ಬದುವಿಗೆ ಬುಟ್ಟಿ ಇಳಿಸಿ, ನೆಲ ನೋಡುತ್ತ, "ಅಣ್ಣಾ, ಮುಂದಿನ ಬಿತ್ತಿಗೆಗೆ ಎಂಟು ಮೊಳ ಬಿಟ್ಟು ಬಿತ್ತತೀನಿ" ಎಂದ. ಅಪ್ಪ, "ಆತು. ಮೊದಲ ಉಣ್ಣು ಕೂಡು" ಎಂದ. ಅಂದು ಎರಡೂ ಮನೆಯವರು ಒಂದೇ ಸಾಲಿನಲ್ಲಿ ಕುಳಿತು ಉಂಡೆವು.

ಕತೆ ಇಲ್ಲಿಗೆ ಮುಗಿಯಿತೆಂದು ಹೇಳಲಾರೆ. ಮುಂದಿನ ಹಿಂಗಾರಿ ಬಿತ್ತನೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ದಾವೆಯ ಎರಡು ವರ್ಷಗಳ ಗಡುವು ತುಂಬುವುದೂ ಆಗಲೇ. ಮಾತು ನಿಂತೀತೆ, ಇಲ್ಲವೆ ಎಂಬುದನ್ನು ಕೂರಿಗೆಯೇ ಹೇಳಬೇಕು. ವಕೀಲರು ಬರೆದುಕೊಟ್ಟ ಅರ್ಜಿಯನ್ನು ನಾನು ಹರಿದಿಲ್ಲ, ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅಪ್ಪನಿಗೆ ಅದು ಗೊತ್ತು. "ಇರಲಿ ಬಿಡು, ಕಾಗದಕ್ಕೇನು ಹುಲ್ಲು ಹಾಕಬೇಕಾಗೇತಿ?" ಎಂದು ನಕ್ಕ.

ಆದರೆ ಊರಿಗೆ ಮರಳುವಾಗ ಒಂದು ಕೆಲಸ ಮಾಡಿದೆ. ಅಪ್ಪನನ್ನು ಚಕ್ಕಡಿಯಲ್ಲಿ ಕೂಡಿಸಿ ಹಗ್ಗ ನಾನು ಹಿಡಿದೆ. ಎದುರಿಗೆ ಕಬ್ಬಿನ ಹೇರೊಂದು ಬಂದಿತು. ಬದಿಗೆ ಸರಿದು ನಿಂತೆ.