ಮಡ್ಡಿ ಹೋಯಿತು

ಯುಗಾದಿ ಮುಗಿದ ಮೇಲೆ ಸೊಲ್ಲಾಪುರ ರಸ್ತೆಯ ಬದಿಯ ನಮ್ಮ ಮಡ್ಡಿಗೆ ಎರಡು ಜೆಸಿಬಿ ಬಂದವು. ಸಾವಿರಾರು ವರ್ಷ ಬಿಸಿಲು ಕಾಯ್ದ ನೆಲ ವಾರದೊಳಗೆ ಸಪಾಟಾಯಿತು. ಈಗ ಅಲ್ಲಿ ಸುಣ್ಣದ ಗೆರೆ, ಬಣ್ಣ ಬಳಿದ ಗುರುತಿನ ಕಲ್ಲು, ಸಿಮೆಂಟಿನ ಕಮಾನು, ಎನ್‌ಎ ಪ್ಲಾಟುಗಳ ಫಲಕ. ತಮ್ಮನ ಮೊಮ್ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಹಕ್ಕಿ ನೋಡುವ ಹುಚ್ಚು, ಕೊರಳಲ್ಲಿ ಸದಾ ದುರ್ಬೀನು. ರಜೆಗೆ ಬಂದವಳು ಆ ಕಮಾನಿನ ಕೆಳಗೆ ನಿಂತು, "ಮುತ್ಯಾ, ಇಲ್ಲಿ ಮೊದಲ ಏನಿತ್ತು?" ಅಂದಳು. ಪ್ಲಾಟು ತೋರಿಸುವ ಹುಡುಗ ನನಗಿಂತ ಮೊದಲು ಉತ್ತರ ಕೊಟ್ಟ: "ಏನೂ ಇರಲಿಲ್ಲವ್ವಾ, ಖಾಲಿ ಬಿದ್ದಿತ್ತು."

ಖಾಲಿ ಇರಲಿಲ್ಲ. ನಾನು ಗೆಜೆಟಿಯರ್ ತೆರೆದು ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ.

ವಿಜಯಪುರದಿಂದ ಉತ್ತರಕ್ಕೆ ತಿಡಗುಂದಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಎರೆ ಹೊಲ, ನಡುನಡುವೆ ಮಡ್ಡಿ. 1986ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಆಗಿನ್ನೂ ಇರಲಿಲ್ಲ. ಊರು ಬಲುಬೇಗ ಮುಗಿದುಹೋಗುತ್ತಿತ್ತು. ಮಡ್ಡಿಯಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಗರಸು, ಕರಿಗಲ್ಲು. ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಬಾರಿ ಕಂಟಿ, ಕಾರಿ ಕಂಟಿ. ಹುಲ್ಲು ಒಣಗಿ ಬೆಳ್ಳಗಾಗುವ ಹೊತ್ತಿಗೆ, ಶಿವರಾತ್ರಿ ಕಳೆದು ಜೋಳ, ಕಡಲೆ ಕಟಾವಾದ ಮೇಲೆ, ಡೋಣಿ ಸಾಲಿನಿಂದ ಕುರಿ ಹಿಂಡು ಹೊಡೆದುಕೊಂಡು ಒಬ್ಬ ಮುತ್ಯಾ ಬರುತ್ತಿದ್ದ. ಅವನನ್ನು ಊರವರೆಲ್ಲ ಮುತ್ಯಾ ಎಂದೇ ಕರೆಯುತ್ತಿದ್ದರು. ಹೆಗಲ ಮೇಲೆ ಕರಿಕಂಬಳಿ, ಕೈಯಲ್ಲಿ ತನಗಿಂತ ಎತ್ತರದ ಕೋಲು. ಅಕ್ಷರ ಬರುತ್ತಿರಲಿಲ್ಲ. ಆದರೆ ಆ ಮಡ್ಡಿಯ ಮೇಲೆ ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದನ್ನು ಅವನಷ್ಟು ಖಚಿತವಾಗಿ ಹೇಳಿದವರನ್ನು ನಾನು ಆಮೇಲೆ ನೋಡಿಲ್ಲ.

ಅವನು ಬರುವ ಹೊತ್ತಿಗೆ ನಮ್ಮಲ್ಲಿ ಕುಸುಬಿಯ ಸುಗ್ಗಿ. ಬಿಸಿಲೇರಿದರೆ ಕುಸುಬಿಯ ಮುಳ್ಳು ಸೂಜಿಯಾಗುತ್ತದೆ. ಅದಕ್ಕೇ ಇಬ್ಬನಿಯ ಪಸೆ ಇರುವಾಗಲೇ, ಕೈಗೆ ಅರಿವೆ ಸುತ್ತಿಕೊಂಡು ಹೆಣ್ಣುಮಕ್ಕಳು ಕೊಯ್ಲಿಗೆ ಇಳಿಯುತ್ತಿದ್ದರು. ಒಕ್ಕುವಾಗ ಏಳುವ ಧೂಳಿಗೆ ಒಂದು ವಾಸನೆ ಇತ್ತು. ಒಣ ಮುಳ್ಳು, ಎಣ್ಣೆ, ಸುಟ್ಟ ಹುಲ್ಲು ಎಲ್ಲ ಕೂಡಿದ್ದು. ಮೂಗಿನಲ್ಲಿ ಉರಿ ಹುಟ್ಟಿಸಿ ಅಲ್ಲೇ ಉಳಿಯುವಂಥದ್ದು. ಅದರೊಳಗೆ ಬೇವಿನ ಹೂವಿನ ಪರಿಮಳ ಆಗೀಗ ಸೇರಿಕೊಳ್ಳುತ್ತಿತ್ತು. ನನಗೆ ಬೇಸಿಗೆ ಎಂದರೆ ಇವತ್ತಿಗೂ ಆ ವಾಸನೆಯೇ. ಊರ ಗಾಣದಿಂದ ಬಂದ ಎಣ್ಣೆಯಲ್ಲೂ ಅದೇ ಇರುತ್ತಿತ್ತು.

ಮಡ್ಡಿಯ ತಗ್ಗಿನಲ್ಲಿ ಒಂದು ಹೊಂಡ. ಉಳಿದ ನೀರು ಕೆಸರಿಗೆ ಹತ್ತಿರ. ಬೆಳಿಗ್ಗೆ ಎಂಟು ದಾಟಿ ಬಿಸಿಲು ಚುರುಕಾದಾಗ ಗೌಜಲಕ್ಕಿಗಳು ಬರುತ್ತಿದ್ದವು. ಕಂಟಿಯಲ್ಲಿ ಕೂಗುವ ಕೌಜುಗವಲ್ಲ ಇದು. ಪಾರಿವಾಳದ ಗಾತ್ರದ, ಮಣ್ಣಿನದೇ ಬಣ್ಣದ, ಮೊನಚು ಬಾಲದ, ಇಂಗ್ಲಿಷ್ ಪುಸ್ತಕಗಳು ಸ್ಯಾಂಡ್‌ಗ್ರೌಸ್ ಎನ್ನುವ ಹಕ್ಕಿ. ಮೊದಲು ದನಿ ಕೇಳಿಸುತ್ತಿತ್ತು, ಆಮೇಲೆ ಹಿಂಡು. ಮುತ್ಯಾ ಕೋಲನ್ನು ಅಡ್ಡ ಹಿಡಿದು ಇಡೀ ಕುರಿ ಹಿಂಡನ್ನು ತಡೆದು ನಿಲ್ಲುತ್ತಿದ್ದ. "ಹಕ್ಕಿ ನೀರ ಕುಡದು ಹೋಗ್ಲಿ ತಮ್ಮಾ, ಆಮ್ಯಾಲ ಕುರಿ ಬಿಡೂಣು. ಇವು ದಿನಕ್ಕೊಮ್ಮಿ ಬರ್ತಾವ, ಕುರಿ ಇಲ್ಲೇ ಇರ್ತಾವ." ಗಂಡು ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿ ತೋಯಿಸಿಕೊಂಡು ಹಾರುತ್ತಿತ್ತು. ಅದು ಮರಿಗಳಿಗೆ ನೀರು ಒಯ್ಯುತ್ತಿದೆ ಎಂದು ನನಗೆ ಹೇಳಿದವನು ಅವನೇ. ಎಷ್ಟೋ ವರ್ಷದ ಮೇಲೆ ಪುಸ್ತಕದಲ್ಲಿ ಅದನ್ನೇ ಓದಿದೆ. ಆ ಗರಿಗಳ ಹೆಣಿಗೆಯೇ ಬೇರೆ, ಅವು ನೀರನ್ನು ಹೀರಿ ಹಿಡಿದಿಡುತ್ತವೆ. ಹಾರಲು ಬಾರದ ಮರಿಗಳು ತಂದೆಯ ಹೊಟ್ಟೆಯ ಕೆಳಗೆ ನಿಂತು ಅದನ್ನೇ ಕುಡಿಯುತ್ತವೆ.

ನೆಲಗುಬ್ಬಿಗಳು ಶಿಳ್ಳೆ ಹಾಕುತ್ತ ನೇರ ಮೇಲೇರಿ ಕಲ್ಲು ಬಿದ್ದಂತೆ ಇಳಿಯುತ್ತಿದ್ದ ಕಾಲವೂ ಅದೇ. ಚಳಿಗಾಲವಿಡೀ ಹುಲ್ಲಿನ ಮೇಲೆ ಮೈ ತೇಲಿಸಿ ಬೇಟೆಯಾಡಿ, ರಾತ್ರಿ ಅದೇ ಹುಲ್ಲಿನಲ್ಲಿ ನೆಲಕ್ಕೇ ಕೂತು ಕಳೆಯುತ್ತಿದ್ದ ಸೆಳೆವಗಳು ಯುಗಾದಿಯ ಆಚೀಚೆ ಮಧ್ಯ ಏಷ್ಯಾದ ಕಡೆ ಹೊರಟುಹೋಗುತ್ತಿದ್ದವು. ಚಿಗರಿಗಳು ಎದುರಾಗುವುದು ಸುದ್ದಿಯೇ ಆಗಿರಲಿಲ್ಲ. ತ್ವಾಳ ಬಂದ ರಾತ್ರಿ ನಾಯಿಗಳ ದನಿಯೇ ಬದಲಾಗುತ್ತಿತ್ತು. ಮುತ್ಯಾ ಒಂದು ಮರಿ ಕಳೆದುಕೊಂಡು ಬೈಯುತ್ತಿದ್ದ, ಆದರೆ ವಿಷ ಇಡುತ್ತಿರಲಿಲ್ಲ.

ನನಗೆ ಇವತ್ತಿಗೂ ಮರೆಯಲಾಗದ್ದು ಒಂದು ಚೌಕಾಸಿ. ಸುಗ್ಗಿಯಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಹಿಕ್ಕೆ, ಉಚ್ಚೆ ಬಿದ್ದು ಹೊಲಕ್ಕೆ ಗೊಬ್ಬರ. ಅದಕ್ಕೆ ಕುರಿಗಾರನಿಗೆ ಜೋಳ ಅಳೆಯಬೇಕು. ಅಪ್ಪ ಒಂದು ಸೇರಿಗೂ ಬಿಡದೆ ವಾದಿಸುವವರು, ಮುತ್ಯಾನೂ ಬಿಡುವವನಲ್ಲ. ಮಾತು ಮುಗಿಯಿತು ಎನ್ನುವಾಗ ಅವನೆಂದ, "ಮಡ್ಡಿಗೆ ಹತ್ತಿದ ಮೂಲಿ ಬಿಟ್ಟು ನಿಲ್ಲಸ್ತೀನ್ರಿ ಗೌಡ್ರ. ಅಲ್ಲಿ ಟಿಟ್ಟಿಭ ತತ್ತಿ ಇಟ್ಟೈತಿ, ನಾಕು ಅದಾವ." ಅಪ್ಪ ಹುಬ್ಬು ಗಂಟಿಕ್ಕಿ, "ಮೂಲಿ ಬಿಟ್ರ ಗೊಬ್ಬರ ಕಡಿಮಿ ಬೀಳತೈತಿ. ದಿನಕ್ಕ ಎರಡು ಸೇರು ಕಡಿಮಿ ತಗೋ" ಅಂದರು. ಮುತ್ಯಾ ಸ್ವಲ್ಪ ಹೊತ್ತು ಕೋಲಿನ ತುದಿಯಿಂದ ಮಣ್ಣು ಕೆದರಿದ. "ತಗೋತೀನ್ರಿ" ಅಂದ. ಎರಡು ಸೇರು ಜೋಳ ಅವನ ಮನೆಗೆ ಏನೆಂಬುದು ನಮಗೆ ಗೊತ್ತಿತ್ತು. ಟಿಟ್ಟಿಭ ಎತ್ತರದ ಜಾಗದಲ್ಲಿ ತತ್ತಿ ಇಟ್ಟರೆ ಆ ವರ್ಷ ಮಳೆ ಜೋರು ಎಂದು ಅವನು ನಂಬಿದ್ದ. ಮಳೆ ಆ ಲೆಕ್ಕಕ್ಕೆ ಸಿಕ್ಕಿತೋ ಇಲ್ಲವೋ, ನಾಲ್ಕು ತತ್ತಿಗಾಗಿ ತನ್ನ ಕೂಲಿ ಬಿಟ್ಟ ಮನುಷ್ಯನನ್ನು ನಾನು ನೋಡಿದ್ದೇನೆ.

ಎರೆಭೂತವನ್ನೂ ಅವನೇ ತೋರಿಸಿದ್ದು. ಮೀಟರಿನಷ್ಟು ಎತ್ತರ, ಗಂಡಿಗೆ ಹದಿನೈದು ಕೆಜಿವರೆಗೂ ತೂಕ. ದೂರದ ಹುಲ್ಲಿನಲ್ಲಿ ಬಿಳಿ ಕತ್ತು ಎತ್ತಿ ಯಾವ ಅವಸರವೂ ಇಲ್ಲದೆ ನಡೆಯುತ್ತಿತ್ತು. ಇದನ್ನೇ ರಾಷ್ಟ್ರಪಕ್ಷಿ ಮಾಡಿ ಎಂದು ಸಲೀಂ ಅಲಿ ಕೇಳಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಪಟ್ಟ ಸಿಕ್ಕಿದ್ದರೆ ಉಳಿಯುತ್ತಿತ್ತೋ ಏನೋ! ಹೆಣ್ಣು ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿ ಇಡುತ್ತದೆ. ಅಂಥ ಹಕ್ಕಿಯ ಮೇಲೆ ರಾತ್ರಿ ಜೀಪಿನ ಬೆಳಕು ಬಿಟ್ಟು ಬಂದೂಕು ಹಾರಿಸಿದವರು ಓದಿದವರು, ಉಳ್ಳವರು. 1972ರ ವನ್ಯಜೀವಿ ಕಾಯ್ದೆ ಬಂದಮೇಲೂ ಜೀಪುಗಳು ಬಂದವು. ರಸ್ತೆ ಬದಿಯಲ್ಲಿ ಕಾಲು ಕಟ್ಟಿದ ಬುರ್ಲಿ, ಕೌಜುಗ ಹಿಡಿದು ಮಾರುತ್ತಿದ್ದ ಬಡವರು ಮಾತ್ರ ಪೊಲೀಸರ ಕೈಗೆ ಸಿಗುತ್ತಿದ್ದರು, ಕಾರು ನಿಲ್ಲಿಸಿ ಕೊಂಡವರು ಸಿಗಲಿಲ್ಲ.

ಸೊಲ್ಲಾಪುರದ ಆಚೆ ನಾನ್ನಜದಲ್ಲಿ 1979ರಲ್ಲಿ ಎರೆಭೂತಕ್ಕಾಗಿಯೇ ಅಭಯಾರಣ್ಯವಾಯಿತು. ನಮ್ಮ ರಾಜ್ಯದಲ್ಲಿ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲೂ ಅದು ಇತ್ತು. ಈಗ ಕರ್ನಾಟಕದಲ್ಲಿ ಅದರ ಹೆಸರು ಕೇಳಿಬರುವುದು ಬಳ್ಳಾರಿ ಜಿಲ್ಲೆಯ ಸಿರಿಗುಪ್ಪದ ಎರೆ ಹೊಲಗಳಿಂದ, ಅದೂ ಬೆರಳಲ್ಲಿ ಎಣಿಸುವಷ್ಟು.

ಹಾಗೆಂದು ಆ ಕಾಲವನ್ನು ನಾನು ಪೂಜಿಸಲಾರೆ. 1972ರ ಬರದಲ್ಲಿ ಇದೇ ರಸ್ತೆಯ ಬದಿಗೆ ಜನ ಕಲ್ಲು ಒಡೆದು ಹೊಟ್ಟೆ ಹೊರೆದರು. ಮುತ್ಯಾನ ಹಿಂಡು ಅರ್ಧಕ್ಕಿಳಿಯಿತು. ಆಮೇಲೂ ಎಷ್ಟೋ ಬೇಸಿಗೆ ಮನೆಗೆ ಬೀಗ ಹಾಕಿ ಮುಂಬೈಗೆ, ಗೋವಾಕ್ಕೆ ದುಡಿಯಲು ಹೋದ ಕುಟುಂಬಗಳನ್ನು ಬಲ್ಲೆ. ಈಗ ಕೃಷ್ಣೆಯ ನೀರು ಮೇಲೆತ್ತಿ ಬಂದಿದೆ. ತಿಡಗುಂದಿಯ ಹತ್ತಿರ ಕಂಬಗಳ ಮೇಲೆ ಕಾಲುವೆ ಹರಿಯುತ್ತದೆ. ತಿಕೋಟಾದ ಕಡೆ ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ. ಬಬಲೇಶ್ವರ ತಾಲೂಕಿನ ಮಮದಾಪುರದ ಆದಿಲ್‌ಶಾಹಿ ಕೆರೆ ಬೇಸಿಗೆಯಲ್ಲೂ ನೀರು ಹಿಡಿದು ನಿಂತದ್ದನ್ನು ನೋಡಿ ಕಣ್ಣು ತುಂಬಿದೆ. ಆಲಮಟ್ಟಿಯ ಹಿನ್ನೀರಿಗೆ ರಾಜಹಂಸಗಳು ಬರುತ್ತವೆ. ಈ ನೀರು ಬರಬಾರದಿತ್ತು ಎನ್ನಲು ನನಗೆ ಬಾಯಿಲ್ಲ.

ಆದರೆ ಕೆರೆಯ ಹಕ್ಕಿ ಬಂತೆಂದು ಮಡ್ಡಿಯ ಹಕ್ಕಿಯ ಲೆಕ್ಕ ತೀರುವುದಿಲ್ಲ. ಗೌಜಲಕ್ಕಿ ದ್ರಾಕ್ಷಿ ಪಡದಲ್ಲಿ ಬದುಕದು. ನೆಲದ ಮೇಲೆ ತತ್ತಿಯಿಡುವ ಟಿಟ್ಟಿಭಕ್ಕೆ ಬಯಲೇ ಬೇಕು, ನೆರಳಲ್ಲ. ಇದನ್ನು ಹೇಳಿದರೆ ಇವತ್ತು ಒಳ್ಳೆಯವರೂ ಸಿಟ್ಟಾಗುತ್ತಾರೆ. ಹುಲ್ಲು ಕಂಡಲ್ಲೆಲ್ಲ ಗುಂಡಿ ತೋಡಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಪುಣ್ಯವೆಂದು ನಂಬಿದ್ದಾರೆ. ನಾಲ್ಕು ಪಥದ ರಸ್ತೆಗೆಂದು ಕಡಿದ ಹಳೆಯ ಬೇವು, ಹುಣಸೆಗಳ ಜಾಗದಲ್ಲಿ ನೆಡಿರಿ, ಊರೊಳಗೆ ನೆಡಿರಿ, ಬದುವಿನಲ್ಲಿ ನೆಡಿರಿ. ಹುಲ್ಲಿನ ಮಡ್ಡಿಯನ್ನು ಕಾಡು ಮಾಡಹೊರಟರೆ ಅಲ್ಲಿದ್ದ ಜೀವಗಳನ್ನು ಹಸಿರು ಬಣ್ಣ ಬಳಿದು ಓಡಿಸಿದಂತೆಯೇ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದು ಧಾಮ ಮಾಡಿದ್ದಾರೆ. ಕುರುಚಲು ನೆಲಕ್ಕೂ ಬೆಲೆಯಿದೆಯೆಂದು ಅಲ್ಲಿ ಒಪ್ಪಿದ್ದು ನಮ್ಮಲ್ಲಿ ಏಕೆ ಆಗದು? ಮಮದಾಪುರದ ಆಸುಪಾಸಿನ ಮಡ್ಡಿಗಳಿಗೆ ಸಸಿ ಒಯ್ಯುವ ಮೊದಲು ಯಾರಾದರೂ ಏಪ್ರಿಲಿನ ಒಂದು ಬೆಳಿಗ್ಗೆ ಹೋಗಿ ನೀರಿನ ಹತ್ತಿರ ಸುಮ್ಮನೆ ಕೂತು ನೋಡಲಿ.

ಈಗ ಈ ದಾರಿಯಲ್ಲಿ ಬೇಸಿಗೆಯ ವಾಸನೆ ಒಣದ್ರಾಕ್ಷಿಯ ಶೆಡ್ಡುಗಳದು, ಗಂಧಕದ ಹೊಗೆಯದು. ಕುಸುಬಿ ಬಿತ್ತುವವರು ಕಡಿಮೆಯಾದರು, ಮುಳ್ಳು ಕೊಯ್ಯಲು ಆಳು ಸಿಗುವುದಿಲ್ಲ. ಮುತ್ಯಾ ಹೋಗಿ ಬಹಳ ವರ್ಷವಾಯಿತು. ಅವನ ಮೊಮ್ಮಗ ಇನ್ನೂ ಕುರಿ ಇಟ್ಟಿದ್ದಾನೆ. ಮೊನ್ನೆ ಸರ್ವಿಸ್ ರಸ್ತೆಯ ಅಂಚಿನಲ್ಲಿ ಸಿಕ್ಕ. ಹಾರ್ನಿನ ನಡುವೆ ಹಿಂಡನ್ನು ಸಾವರಿಸುತ್ತ ನಿಂತಿದ್ದ. ದ್ರಾಕ್ಷಿಯವರು ಕುರಿಗೊಬ್ಬರಕ್ಕೆ ಮುಗಿಬೀಳುತ್ತಾರಂತೆ, ಕೇಳಿದ ರೇಟು ಕೊಡುತ್ತಾರಂತೆ. ಹಾಗಾದರೆ ಚಲೋ ಆಯ್ತಲ್ಲಪಾ ಎಂದೆ.

"ಗೊಬ್ಬರಕ್ಕ ರೊಕ್ಕ ಐತ್ರಿ ಗೌಡ್ರ, ಕುರಿ ಮೇಸಾಕ ನೆಲ ಇಲ್ರಿ" ಅಂದ. ಅರ್ಧ ಹಿಂಡನ್ನು ಆಗಲೇ ಮಾರಿದ್ದ. ಉಳಿದದ್ದನ್ನು ಮಳೆಗಾಲದೊಳಗೆ ಮಾರುತ್ತಾನಂತೆ.