ಚೌಕದೊಳಗಿನ ಚೌಪದಿ

ಬೆಳಗಿನ ಕಾಫಿಯ ಲೋಟ ಮೇಜಿನ ಮೇಲೆ ಬಂದು ಕುಳಿತ ಕೂಡಲೇ ನಮ್ಮ ಮನೆಯಲ್ಲಿ ದಿನಪತ್ರಿಕೆ ಪಾಲಾಗುತ್ತದೆ. ಮೊದಲ ಪುಟ ಮಗನಿಗೆ, ಆಟದ ಪುಟ ಮೊಮ್ಮಗನಿಗೆ, ದಿನಭವಿಷ್ಯ ನನ್ನ ಹೆಂಡತಿಗೆ. ದಿನಭವಿಷ್ಯದ ಕೆಳಗೆ ಕಪ್ಪುಬಿಳುಪಿನ ಚೌಕಗಳಲ್ಲಿ ಹರಡಿಕೊಂಡಿರುವ ಪದಬಂಧ ಮಾತ್ರ ನನ್ನದು. ಎರಡೂ ಒಂದೇ ಪುಟದಲ್ಲಿರುವುದರಿಂದ ಕೆಲವು ದಿನ ಗಡಿವಿವಾದ ಹುಟ್ಟುವುದುಂಟು. ಅವಸರದಲ್ಲಿ ಆಕೆಯ ಕನ್ಯಾರಾಶಿಯ ಮೇಲೆ ನಾನು ‘ಕುಂಬಳಕಾಯಿ’ ಎಂದು ಬರೆದಿಟ್ಟ ದಿನ ಏನಾಯಿತೆಂಬುದನ್ನು ಇಲ್ಲಿ ವಿವರಿಸಲಾರೆ.

ಪದಬಂಧ ಬಿಡಿಸುವುದು ದೊಡ್ಡ ವಿದ್ಯೆಯೇನೂ ಅಲ್ಲ. ನಿವೃತ್ತರಾದವರಲ್ಲಿ ನೂರಕ್ಕೆ ಐವತ್ತು ಮಂದಿಗಾದರೂ ಇರಬಹುದಾದ ನಿರುಪದ್ರವಿ ಚಟ ಅದು. ನನಗೆ ಅಂಟಿದ ಚಾಳಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಚೌಕಗಳೆಲ್ಲ ತುಂಬಿದ ಮೇಲೆ ಉತ್ತರಗಳಲ್ಲಿ ಮೂರೋ ನಾಲ್ಕೋ ಪದಗಳನ್ನು ಆರಿಸಿ, ಅವನ್ನೇ ಹೆಣೆದು ನಾಲ್ಕು ಸಾಲಿನ ಒಂದು ಚುಟುಕ ಕಟ್ಟದಿದ್ದರೆ ನನಗೆ ಸ್ನಾನಕ್ಕೆ ಏಳಲು ಮನಸ್ಸೇ ಬಾರದು. ನಾನು ಕವಿಯಲ್ಲ. ಸರಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಕಡತಗಳ ಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದವನು. ಇಂಥವನಿಗೆ ಪ್ರಾಸದ ಹುಚ್ಚು ಹಿಡಿದದ್ದು ಹೇಗೆ, ಅದರಿಂದ ಆದದ್ದೇನು ಎಂಬುದನ್ನು ಹೇಳಲೆಂದೇ ಈ ಬರಹ.

ಈ ಚೌಕಗಳ ಆಟ ನಮ್ಮ ದೇಶದ್ದಲ್ಲ. ಲಿವರ್‌ಪೂಲಿನಿಂದ ಅಮೆರಿಕಕ್ಕೆ ಹೋಗಿದ್ದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಮೊದಲನೆಯದನ್ನು ಅಚ್ಚು ಹಾಕಿಸಿದ. ಅದರ ಆಕಾರವೂ ಚೌಕವಾಗಿರಲಿಲ್ಲ. ಹೋಳಿಗೆಯ ತಟ್ಟೆಯಲ್ಲಿಟ್ಟ ಕೊಬ್ಬರಿಮಿಠಾಯಿಯಂತೆ ವಜ್ರಾಕೃತಿಯಾಗಿತ್ತು. 1924ರಲ್ಲಿ ಇಂಥವನ್ನು ಸೇರಿಸಿ ಪುಸ್ತಕ ಮಾಡಿದವರು ಪ್ರತಿಯೊಂದಕ್ಕೂ ಒಂದು ಪೆನ್ಸಿಲನ್ನು ಕಟ್ಟಿ ಮಾರಿದರಂತೆ. ಆ ಜಾಣತನಕ್ಕೆ ನಮಸ್ಕಾರ.

ಆದರೆ ಆಟ ಕನ್ನಡಕ್ಕೆ ಬಂದಾಗ ಅದರ ಸ್ವಭಾವವೇ ಬದಲಾಯಿತು. ಇಂಗ್ಲಿಷಿನ ಚೌಕದಲ್ಲಿ ಒಂದು ಮನೆಗೆ ಒಂದೇ ಬಿಡಿ ಅಕ್ಷರ, ಬ್ರಹ್ಮಚಾರಿಯ ಬಿಡಾರದಂತೆ. ನಮ್ಮದರಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಒಂದೇ ಮನೆಯಲ್ಲಿ ಕೂಡುಕುಟುಂಬದವರಂತೆ ಬಾಳಬೇಕು. ‘ಸ್ತ್ರೀ’ ಎಂಬಲ್ಲಿ ಮೂರು ವ್ಯಂಜನ, ಒಂದು ಸ್ವರ; ಆದರೂ ಆಕೆಗೆ ಒಂದೇ ಕೋಣೆ. ಎಡದಿಂದ ಬಲಕ್ಕೆ ‘ಕಮಲ’ ಹೊರಟಿದ್ದರೆ, ಅದರ ನಡುಮನೆಯನ್ನು ಹಾದು ಮೇಲಿನಿಂದ ಕೆಳಕ್ಕೆ ‘ಸುಮತಿ’ ಇಳಿಯಬಹುದು, ‘ಸಮಾಜ’ ಇಳಿಯಲಾರದು. ‘ಮ’ಕಾರ ಒಂದೇ ಆದರೂ ಅದರ ದೀರ್ಘ ಅಡ್ಡ ಬರುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಹೊಂದಿಕೊಂಡಿರಬೇಕಾದರೆ ದೀರ್ಘ ಎಳೆಯಬಾರದೆಂಬ ಲೋಕನೀತಿ ಇದರಲ್ಲಿದೆ. ಅದು ನನಗೆ ತಿಳಿದದ್ದು ತಡವಾಗಿ.

ಈಗ ಅಣ್ಣನ ವಿಷಯಕ್ಕೆ ಬರಬೇಕು. ನನಗೆ ಒಬ್ಬನೇ ಅಣ್ಣ. ನನಗಿಂತ ಆರು ವರ್ಷ ದೊಡ್ಡವನು, ಶಿವಮೊಗ್ಗದಲ್ಲಿದ್ದಾನೆ. ಪದಬಂಧವನ್ನು ನನಗೆ ಕಲಿಸಿದವನೂ ಅವನೇ. ಮಲೆನಾಡಿನ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಅವನು ಸುಳಿವನ್ನು ಓದುವನು, ನಾನು ತಂದೆಯವರ ಕಿಟ್ಟೆಲ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಹುಡುಕುವೆನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು 1,700ಕ್ಕೂ ಹೆಚ್ಚು ಪುಟಗಳದು. ಹತ್ತು ವರ್ಷದ ಹುಡುಗನ ತೊಡೆಗೆ ಅದು ಒಂದು ಕರುವಿನಷ್ಟು ಭಾರ. ಸಿಕ್ಕಿದ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ತಂದೆಯವರಿಂದ ಕಿವಿ ಹಿಂಡಿಸಿಕೊಂಡದ್ದೂ ಉಂಟು.

ತಂದೆತಾಯಿ ಕಾಲವಾದ ಮೇಲೆ ಮನೆ ಪಾಲಾಯಿತು. ತೋಟದ ಲೆಕ್ಕದಲ್ಲಿ ಸ್ವಲ್ಪ ಬಿಸಿ ಮಾತು ನಡೆಯಿತು. ಅದು ಎಲ್ಲ ಮನೆಗಳಲ್ಲಿಯೂ ನಡೆಯುವುದೇ. ಹೊರಡುವ ದಿನ ಅಣ್ಣ ನಿಘಂಟನ್ನು ಒಂದು ಟವೆಲಿನಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡ. ನಾನು ನಾಲ್ಕು ಜನರ ಎದುರಿಗೆ, “ಅದನ್ನೂ ಬಿಡಲಿಲ್ಲವೇ?” ಎಂದುಬಿಟ್ಟೆ. ಅಣ್ಣ ಮರುಮಾತನಾಡಲಿಲ್ಲ. ಆ ದಿನದಿಂದ ಮೂರು ವರ್ಷ ಅವನು ನನ್ನೊಡನೆ ಮಾತನಾಡಲೇ ಇಲ್ಲ. ನಾನೂ ಆಡಲಿಲ್ಲ. ತಪ್ಪು ನನ್ನದೆಂದು ಬಸ್ಸು ಹತ್ತುವ ಮೊದಲೇ ಗೊತ್ತಾಗಿತ್ತು. ಆದರೆ ಗೊತ್ತಾಗುವುದು ಬೇರೆ, ಬಾಯಿಬಿಟ್ಟು ಹೇಳುವುದು ಬೇರೆ. ‘ಪೂಜ್ಯ ಅಣ್ಣನಿಗೆ ಸಾಷ್ಟಾಂಗ ನಮಸ್ಕಾರಗಳು’ ಎಂದು ಆರಂಭಿಸಿ ನಾನು ಹರಿದು ಹಾಕಿದ ಕಾಗದಗಳಿಗೆ ಲೆಕ್ಕವಿಲ್ಲ. ಸ್ವಂತ ಮಾತುಗಳಲ್ಲಿ ಬರೆಯಹೊರಟರೆ ಎರಡನೆಯ ಸಾಲಿಗೇ ‘ಆದರೂ ನೀನು ಅಂದು’ ಎಂಬುದು ಎಲ್ಲಿಂದಲೋ ಬಂದು ನುಸುಳಿಕೊಳ್ಳುತ್ತಿತ್ತು.

ನಾವಿಬ್ಬರು ಮಾತು ಬಿಟ್ಟಿದ್ದರೂ ಅಣ್ಣನ ಮಗಳು ಚಿಕ್ಕಪ್ಪನನ್ನು ಬಿಟ್ಟಿರಲಿಲ್ಲ. ಆಕೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ‘ವರ್ಡಲ್’ ಎಂಬ ಒಂದು ಆಟವುಂಟು. ಬ್ರೂಕ್ಲಿನ್‌ನಲ್ಲಿದ್ದ ಜೋಶ್ ವಾರ್ಡಲ್ ಎಂಬ ಎಂಜಿನಿಯರು ತನ್ನ ಸಂಗಾತಿಯ ವಿನೋದಕ್ಕೆಂದು ರಚಿಸಿ 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದಿಟ್ಟದ್ದು. ಮರುವರ್ಷದ ಜನವರಿ ಮುಗಿಯುವಷ್ಟರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅದನ್ನು ಕೊಂಡುಕೊಂಡಿತು. ದಿನಕ್ಕೆ ಒಂದೇ ಪದ, ಐದು ಅಕ್ಷರ, ಆರು ಪ್ರಯತ್ನ. ಆಕೆ ಉತ್ತರವನ್ನು ಕಂಡುಹಿಡಿದು ಸುಮ್ಮನಾಗುವವಳಲ್ಲ. ತಾನು ಊಹಿಸಿದ ತಪ್ಪು ಪದಗಳನ್ನೂ ಸರಿ ಪದವನ್ನೂ ಸೇರಿಸಿ ತಮಾಷೆಯ ಪದ್ಯ ಮಾಡಿ ನನ್ನ ಫೋನಿಗೆ ಕಳಿಸುತ್ತಿದ್ದಳು. ಒಂದು ದಿನ, “ಚಿಕ್ಕಪ್ಪ, ನೀವು ಕನ್ನಡದಲ್ಲಿ ಮಾಡಿ ನೋಡೋಣ” ಎಂದು ಸವಾಲೆಸೆದಳು.

ಅಂದಿನ ಪದಬಂಧದಲ್ಲಿ ರಾವಣ, ಜಗಲಿ, ದಿಂಬು, ಮೊಸರನ್ನ ಎಂಬ ನಾಲ್ಕು ಪದಗಳಿದ್ದುವು. ಇವುಗಳೊಳಗೆ ಯಾವ ಜನ್ಮದ ನಂಟು? ಅರ್ಧ ಗಂಟೆ ತಲೆ ತುರಿಸಿಕೊಂಡ ಮೇಲೆ ಹುಟ್ಟಿದ್ದು ಇದು:

ರಾವಣನು ಜಗಲಿಯಲಿ ಕುಳಿತಿದ್ದನಂತೆ,
ಹತ್ತು ತಲೆಗೊಂದೊಂದು ದಿಂಬಿನದೆ ಚಿಂತೆ;
ಮೊಸರನ್ನ ಬಡಿಸಿದರೆ ಯಾವ ಬಾಯ್ ಮೊದಲು?
ಹತ್ತು ಬಾಯಿಗು ಜಗಳ, ಉತ್ತರವು ತೊದಲು.

ಹೆಂಡತಿ ಇದನ್ನು ಕೇಳಿ, “ಒಂದು ತಲೆಯವರಿಗೆ ಬಡಿಸಿಯೇ ನನಗೆ ಸಾಕಾಗಿದೆ” ಎಂದಳು. ಅದನ್ನು ನಾನು ಪ್ರಶಂಸೆಯೆಂದೇ ತೆಗೆದುಕೊಂಡೆ.

ನಾಲ್ಕು ಸಾಲಿನ ಅಚ್ಚನ್ನು ನಾನು ಸಾಲ ಪಡೆದದ್ದು ಉತ್ತರ ಕನ್ನಡದ ದಿನಕರ ದೇಸಾಯಿಯವರಿಂದ. 1909ರಿಂದ 1982ರವರೆಗೆ ಬಾಳಿದ ಆ ಮಹನೀಯರು ಚೌಪದಿಗಳನ್ನು ಬರೆದು ‘ಚುಟುಕ ಬ್ರಹ್ಮ’ ಎನಿಸಿಕೊಂಡವರು. ಕೊಟ್ಟ ಪದಗಳಿಂದ ಪದ್ಯ ಕಟ್ಟುವ ಪದ್ಧತಿಯೂ ನನ್ನ ಸೊಸೆ ಅಮೆರಿಕದಲ್ಲಿ ಕಂಡುಹಿಡಿದದ್ದಲ್ಲ. ನಮ್ಮ ಅವಧಾನಕಲೆಯಲ್ಲಿ ‘ದತ್ತಪದಿ’ ಎಂಬುದೊಂದುಂಟು. ಪೃಚ್ಛಕರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು, ಎಷ್ಟೋ ಸಲ ಬೇರೆ ಭಾಷೆಯವನ್ನೇ, ಕೊಟ್ಟು ವಸ್ತುವನ್ನೂ ಛಂದಸ್ಸನ್ನೂ ಗೊತ್ತುಮಾಡುತ್ತಾರೆ. ಅವಧಾನಿಗಳು ಸಾಲಿಗೊಂದರಂತೆ ಅವುಗಳನ್ನು ಕೂರಿಸಿ ಪದ್ಯ ಹೇಳಬೇಕು. ನಡುನಡುವೆ ಕೀಟಲೆಯ ಪ್ರಶ್ನೆಗಳನ್ನೂ ಎದುರಿಸಬೇಕು. ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಶತಾವಧಾನ ನಡೆಸಿದ್ದನ್ನು ಬಲ್ಲವರಿಗೆ ಈ ವಿದ್ಯೆಯ ಎತ್ತರ ಹೇಳಬೇಕಾಗಿಲ್ಲ. ಅದು ಗೌರೀಶಂಕರ; ನನ್ನದು ಹಿತ್ತಲಿನ ಗೊಬ್ಬರದ ಗುಪ್ಪೆ.

ಹದಿನೇಳನೆಯ ಶತಮಾನದ ಫ್ರಾನ್ಸಿನಲ್ಲಿಯೂ ಡ್ಯುಲೋ ಎಂಬ ಕವಿಯೊಬ್ಬನಿದ್ದನಂತೆ. ತನ್ನ ಮುನ್ನೂರು ಸುನೀತಗಳು ಕಳೆದುಹೋದುವೆಂದು ಅವನು ಗೋಳಾಡಿದ. ಅಷ್ಟೊಂದನ್ನು ಯಾವಾಗ ಬರೆದೆಯಪ್ಪ ಎಂದು ಗೆಳೆಯರು ಬೆರಗಾದಾಗ, “ಬರೆದದ್ದು ಪ್ರಾಸದ ಪದಗಳನ್ನು ಮಾತ್ರ, ಸಾಲುಗಳನ್ನು ಇನ್ನು ತುಂಬಬೇಕಾಗಿತ್ತು” ಎಂದನಂತೆ. ಎಲ್ಲರೂ ನಕ್ಕರು, ಆದರೆ ಪ್ರಾಸಪದಗಳನ್ನು ಮೊದಲು ಕೊಟ್ಟು ಪದ್ಯ ಬರೆಸುವ ಆಟ ಆ ನಾಡಿನ ಮನೆಮನೆಯ ವಿನೋದವಾಯಿತು.

ಇದರ ಗುಟ್ಟು ನನಗೆ ಹೊಳೆದದ್ದು ಹತ್ತಾರು ಚುಟುಕಗಳನ್ನು ಕಟ್ಟಿದ ಮೇಲೆ. ಪದಗಳನ್ನು ಬೇರೆಯವರು ಆರಿಸಿಕೊಟ್ಟಾಗ ಮನುಷ್ಯನಿಗೆ ಅರ್ಧ ಹೊಣೆ ಕಳೆಯುತ್ತದೆ. ‘ನಾನೇನು ಮಾಡಲಿ, ಪದಬಂಧದಲ್ಲಿ ಆ ಪದವೇ ಬಂತು’ ಎನ್ನಬಹುದು. ಹಮ್ಮು ತಲೆಬಾಗದೆ ದಾಟಿಹೋಗಲು ಅಷ್ಟೇ ಅಗಲದ ಬಾಗಿಲು ಸಾಕು.

ಅಣ್ಣನ ಮನೆಗೂ ನಮ್ಮ ಮನೆಗೂ ಬರುವುದು ಒಂದೇ ಪತ್ರಿಕೆ, ಒಂದೇ ಪದಬಂಧ. ಅವನು ಫೋನಿನಲ್ಲಿ ಸಂದೇಶ ಓದುವವನಲ್ಲ. ಆದುದರಿಂದ ಅಂಚೆಕಚೇರಿಗೆ ಹೋಗಿ ಕಾರ್ಡುಗಳ ಒಂದು ಕಟ್ಟನ್ನೇ ತಂದೆ. ಕ್ಷೇಮಸಮಾಚಾರವಿಲ್ಲ, ಒಕ್ಕಣೆಯಿಲ್ಲ, ಸಹಿಯೂ ಇಲ್ಲ. ದಿನಾಂಕ, ಅದರ ಕೆಳಗೆ ಅಂದಿನ ಪದಗಳ ಚುಟುಕ, ಅಷ್ಟೇ. ಮೊದಲು ರಾವಣ ಹೋದ. ಆಮೇಲೆ ಒಂದು ಬೆಕ್ಕು, ಒಬ್ಬ ತಹಶೀಲ್ದಾರ, ಒಂದು ಬದನೆಕಾಯಿ. ಹತ್ತು ಕಾರ್ಡುಗಳಿಗೆ ಉತ್ತರವಿಲ್ಲ. ಆದರೆ ಅತ್ತಿಗೆ ನನ್ನ ಹೆಂಡತಿಯೊಡನೆ ಫೋನಿನಲ್ಲಿ ಮಾತನಾಡುವಾಗ, “ಇವರು ಅಂಚೆಯವನನ್ನು ಗೇಟಿನಲ್ಲೇ ಕಾಯುತ್ತಾರಮ್ಮ” ಎಂದರಂತೆ.

ಹನ್ನೊಂದನೆಯ ದಿನದ ಪದಬಂಧದಲ್ಲಿ ಒಂದು ಸುಳಿವು ಹೀಗಿತ್ತು: ‘ಕದದ ಕಾವಲುಗಾರನೂ ಹೌದು, ಮಗಳ ಮಾವನೂ ಹೌದು.’ ಉತ್ತರ, ಬೀಗ. ಇನ್ನೊಂದು: ‘ವೈದ್ಯನಲ್ಲಿಯೂ ಉಂಟು, ಬಂದೂಕಿನಲ್ಲಿಯೂ ಉಂಟು.’ ಉತ್ತರ, ಮದ್ದು. ಜೊತೆಗೆ ಅಂಗಳ, ಹಲಸು. ಬೀಗ, ಅಂಗಳ, ಹಲಸು! ನಮ್ಮ ಹಳೆಯ ಮನೆಗೆ ಈಗ ಎರಡು ಬಾಗಿಲು, ಎರಡು ಬೀಗ. ಅಂಗಳದ ನಡುವಿನ ಹಲಸಿನ ಮರ ಮಾತ್ರ ಪಾಲುಪಟ್ಟಿಯಲ್ಲಿ ಯಾರ ಹೆಸರಿಗೂ ಬಿದ್ದಿರಲಿಲ್ಲ. ಪೆನ್ನು ತಾನಾಗಿಯೇ ಓಡಿತು:

ಪಾಲಾಯ್ತು ಮನೆ ತೋಟ, ಪಾಲಾಯ್ತು ಬೀಗ,
ಅಂಗಳದ ಹಲಸಿಗೋ ಎಲ್ಲಿಹುದು ಭಾಗ?
ಮೇಣ ಹತ್ತಿದ ಕೈಗೆ ಎಣ್ಣೆಯಿದೆ ಮದ್ದು;
ಆಡಿದಾ ಮಾತಿನ್ನು ಕಿವಿಯಲ್ಲಿ ಸದ್ದು.

ಡಬ್ಬಕ್ಕೆ ಹಾಕಿದ ಮೇಲೆ ಹಾಕಬಾರದಿತ್ತು ಎನ್ನಿಸಿತು. ಆದರೆ ಅಂಚೆಡಬ್ಬದ ಬಾಯಿಯೂ ಮನುಷ್ಯನ ಬಾಯಿಯಂತೆಯೇ. ಒಮ್ಮೆ ದಾಟಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಒಂದು ವಾರ ನಾನು ಪದಬಂಧವನ್ನೇ ಮುಟ್ಟಲಿಲ್ಲ. ಎಂಟನೆಯ ದಿನ ಅಣ್ಣನ ಗುಂಡುಗುಂಡಾದ ಅಕ್ಷರದ ಕಾರ್ಡು ಬಂತು. ಅದರಲ್ಲಿಯೂ ಒಕ್ಕಣೆಯಿಲ್ಲ, ಸಹಿಯಿಲ್ಲ:

ಕಿವುಡಾಯ್ತು ಕಿವಿ ನನಗೆ, ವಯಸಾಯ್ತು ನೋಡು,
ಕೇಳಿಸದು ಹಳೆ ಸದ್ದು, ಹೊಸ ಮಾತನಾಡು;
ಗೆದ್ದಲಿಗೆ ಹೆದರಿ ನಾನೆತ್ತಿಟ್ಟುಕೊಂಡೆ,
ಪುಸ್ತಕದ ಪುಟದೊಳಗೆ ನಿನ್ನ ಗೆರೆ ಕಂಡೆ.

ಆ ವಾರದ ಪತ್ರಿಕೆಗಳನ್ನು ಹಳೆಯ ರಾಶಿಯಿಂದ ಎಳೆದು ತೆಗೆದು ಹುಡುಕಿದೆ. ಕಿವುಡು, ಗೆದ್ದಲು, ಪುಸ್ತಕ, ಈ ಮೂರು ಪದಗಳು ಪದಬಂಧದವು. ಉಳಿದುವೆಲ್ಲ ಅಣ್ಣನವು. ಹಳೆಯ ಮನೆಯ ಮಾಡಿನಲ್ಲಿ ಗೆದ್ದಲು ಹಿಡಿದಿದ್ದುದು ನನಗೂ ಗೊತ್ತಿತ್ತು. ನಿಘಂಟಿಗೆ ಟವೆಲು ಸುತ್ತಿದ್ದು ಏಕೆಂದು ಕೇಳುವ ತಾಳ್ಮೆ ಮಾತ್ರ ನನಗೆ ಇರಲಿಲ್ಲ. ಹೆಂಡತಿ, “ಯಾಕೆ, ಕಣ್ಣಿಗೆ ಏನಾಯಿತು?” ಎಂದು ಕೇಳಿದಳು. ಈರುಳ್ಳಿ ಹೆಚ್ಚುತ್ತಿದ್ದವಳು ಆಕೆ. ಕಣ್ಣು ಒರೆಸಿಕೊಂಡವನು ನಾನು.

ಹೊಸ ಮಾತನಾಡು ಎಂದು ಅಪ್ಪಣೆಯಾದರೂ ಫೋನು ಮಾಡಲು ನನಗೆ ಧೈರ್ಯ ಬಾರದೆ ಇನ್ನೂ ಎರಡು ದಿನ ಕಳೆದೆ. ಮೂರನೆಯ ಬೆಳಿಗ್ಗೆ, ಕಾಫಿಯ ಹೊತ್ತಿಗೆ ಸರಿಯಾಗಿ, ಫೋನು ಅದೇ ತಾನಾಗಿ ಹೊಡೆದುಕೊಂಡಿತು. ಎತ್ತಿದರೆ ಅಣ್ಣನ ಧ್ವನಿ. ಮೂರು ವರ್ಷದ ಮೇಲಿನ ಮೊದಲ ಮಾತು.

“ಏನೋ, ಇವತ್ತಿನದು ಬಿಡಿಸಿದೆಯೇನೋ? ಒಂಬತ್ತನೆಯದು ಎಡದಿಂದ ಬಲಕ್ಕೆ. ‘ಎಲೆಯಲ್ಲಿ ಮೊದಲು ಬೀಳುವುದು.’ ಎರಡೇ ಅಕ್ಷರ. ನನಗೆ ಹೊಳೀತಾನೇ ಇಲ್ಲ ನೋಡು.”

ಸಾವಿರ ಮದುವೆಯೂಟಗಳಲ್ಲಿ ಪಂಕ್ತಿಯ ಮುಂದೆ ನಿಂತು ಬಡಿಸಿದ ಮನುಷ್ಯ! ನನಗೆ ಪದಬಂಧ ಕಲಿಸಿದವನು. ಐವತ್ತು ವರ್ಷಗಳಲ್ಲಿ ಒಂದು ಸುಳಿವಿಗಾಗಿ ಯಾರನ್ನೂ ಕೇಳಿದವನಲ್ಲ.

“ಉಪ್ಪು, ಅಣ್ಣ” ಎಂದೆ.

“ಹೌದಲ್ಲವೋ!” ಎಂದ ಅಣ್ಣ, ನಿಜವಾಗಿಯೂ ಆಶ್ಚರ್ಯವಾದವನಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಸಲ ಹಲಸು ಚೆನ್ನಾಗಿ ಬಿಟ್ಟಿದೆಯಂತೆ. ಕೀಳಿಸುವಾಗ ನೀನೂ ಬಾ. ನಿಘಂಟನ್ನೂ ತರುತ್ತೇನೆ” ಎಂದ.